ಹೋಲ್ಡಾನ್

ಗದಗ ಡಿಪೊದಾಗ ನನಗ ಹನ್ನೊಂದು ವರ್ಷಾತು.
ಮೊದಲು ಮುಂಡರಗಿ ರೂಟು, ಆಮ್ಯಾಗ ರೋಣ, ಈಗ ಹುಬ್ಬಳ್ಳಿ.
ದಿನಕ್ಕ ನಾಕುನೂರು ಮಂದಿನ್ನ ಕೇಳ್ತೀನಿ,
"ಎಲ್ಲಿಗ್ರಿ? ಲಗೂ ಹೇಳ್ರಿ, ಚಿಲ್ಲರಿ ತಗೀರಿ."
ವಿಚಾರ ಮಾಡಾಕ ಯಾರಿಗೂ ವ್ಯಾಳ್ಯಾ ಕೊಟ್ಟಾಕಿ ಅಲ್ಲ.
ಒಂದು ಸೀಟಿಗೆ ಬಸ್ಸು ನಿಲ್ತೈತಿ,
ಎರಡು ಸೀಟಿಗೆ ಹೊಕ್ಕೈತಿ.

ಮನ್ಯಾಗ ಮಗಳು ಸಂಜೀವಿನಿ. ಹತ್ತು ತುಂಬಿ ಮೂರು ತಿಂಗಳು.
"ಅವ್ವಾ, ನೀಲಿ ರಿಬ್ಬನ್ನೋ, ಕೆಂಪೋ?"
"ಅವ್ವಾ, ಮೊದಲು ಗಣಿತ ಬರೀಲೋ, ಕನ್ನಡಾನೋ?"
"ಅವ್ವಾ, ಶಮಾ ಆಡಾಕ ಕರೀತಾಳ, ಹೋಗ್ಲೋ ಬ್ಯಾಡೋ?"
ಎರಡೆರಡು ಸೀಟಿ ಊದಿ ಊದಿ
ಆಕಿನ್ನೂ ಹತ್ತು ವರ್ಷ ಓಡಿಸಿಬಿಟ್ಟಿದ್ದೆ.

ಒಂದಿನ ಬೆಟಗೇರಿ ಸಂತಿ ಹೊತ್ತಿಗೆ
ಕೈಯಾಗ ನೂರರ ನೋಟು, ಒಂದು ಚೀಲ ಕೊಟ್ಟೆ.
"ವಾರದ ಕಾಯಿಪಲ್ಲೆ ನೀನ ತಾ.
ನೀ ತಂದದ್ದು ಉಣ್ತೀವಿ. ಯಾರೂ ಏನೂ ಅನ್ನಂಗಿಲ್ಲ."
ಅವರಪ್ಪ ಪೇಪರು ಇಳಿಸಿ ನನ್ನ ಮಾರಿ ನೋಡಿದ್ರು.

ತಾಸಿನ ಮ್ಯಾಲ ಬಂದಳು,
ಕೂಸಿನ್ನ ಎತ್ತಿಕೊಂಡಂಗ ಸೊಂಟದ ಮ್ಯಾಲ
ಒಂದು ಕುಂಬಳಕಾಯಿ.
ಬರೇ ಕುಂಬಳಕಾಯಿ.
"ಸಂತ್ಯಾಗ ಎಲ್ಲಾಕಿಂತ ದೊಡ್ಡದು ಇದ ಇತ್ತವ್ವಾ.
ಲಗೂ ಕೆಡಂಗೂ ಇಲ್ಲಂತ. ವಿಚಾರ ಮಾಡೇ ತಂದೀನಿ."

ಸೋಮವಾರ ಪಲ್ಲೆ. ಮಂಗಳವಾರ ಸಾರು.
ಬುಧವಾರ ಬೆಲ್ಲ ಹಾಕಿ ಕಡುಬು.
ಗುರುವಾರ ಅವರಪ್ಪ ಬಾಯಿ ತಗದ್ರು,
ನಾ ಕಣ್ಣಿಲೇ ಹೋಲ್ಡಾನ್ ಅಂದೆ.
ನನ್ನ ನಾಲಿಗಿ ತುದಿಗೂ ಒಂದು ಮಾತಿತ್ತು,
ರೊಟ್ಟಿ ಕೂಡ ನುಂಗಿದೆ.
ಶುಕ್ರವಾರ ಆಕಿನ ತಾಟು ಸರಿಸಿದಳು.
ಉಳಿದ ಅರ್ಧ ಕಾಯಿ ಅಡಗಿಮನಿ ಮೂಲ್ಯಾಗ ಕುಂತು
ಒಬ್ಬೊಬ್ಬರನ್ನ ನೋಡಾಕತ್ತಿತ್ತು.

ಬುದ್ಧಿ ಹೇಳೂದು ಸರಳ.
ಸುಮ್ಮನಿರೂದು,
ಅದೂ ನಾ ಸುಮ್ಮನಿದ್ದೀನಿ ನೋಡು ಅಂತ
ಮಾರಿ ಮ್ಯಾಲ ತೋರಿಸಲಾರದ ಸುಮ್ಮನಿರೂದು
ಯಾವ ಟ್ರೇನಿಂಗಿನಾಗೂ ಕಲಿಸಿರಲಿಲ್ಲ.

ಮುಂದಿನ ಸಂತಿಗೆ ನಾನೂ ಹೋದೆ, ಹತ್ತು ಹೆಜ್ಜಿ ಹಿಂದ.
ಮಾಬುಬಿ ಮುಂದ ಕುಕ್ಕರಗಾಲಿಲೆ ಕುಂತು ಕೇಳಾಕತ್ತಿದ್ದಳು,
"ಮೆಂತೆ ಎಷ್ಟು ದಿನ ತಡೀತೈತ್ರಿ?
ಬದನಿಕಾಯಾಗ ಹುಳ ಐತೇನಂತ ಹೊರಗಿಂದ ಹೆಂಗ ತಿಳೀತೈತ್ರಿ?
ಅರ್ಧ ಕಿಲೋ ಬ್ಯಾಡ, ಪಾವಕಿಲೋ... ತಡೀರಿ, ಲೆಕ್ಕ ಹಾಕ್ತೀನಿ."
ಹಿಂದ ಗಿರಾಕಿ ಗದ್ದಲ.
"ಲಗೂ ಮುಗಸ ತಂಗಿ!" ಅಂದ್ಲು ಯಾರೋ ಒಬ್ಬಾಕಿ,
ದನಿ ಥೇಟ್ ನಂದು.
ಮಾಬುಬಿ ಮಾತ್ರ ತಕ್ಕಡಿ ಎತ್ತಿ ಹಿಡಕೊಂಡು
ಕಾಯ್ದಳು.

ಈಗ ನೋಟುಬುಕ್ಕಿನ ಕಡೀ ಹಾಳಿ ಮ್ಯಾಲ
ಉಣ್ಣೂ ಮಂದಿನ್ನ ಕೇಳಿ ಕೇಳಿ ಪಟ್ಟಿ ಮಾಡ್ತಾಳ.
ಅಜ್ಜಿ: ಹಲ್ಲಿಲ್ಲ, ಮೆತ್ತನ್ನದು.
ಅಪ್ಪ: ಕುಂಬಳ ಬಿಟ್ಟು ಯಾವದಾದ್ರೂ.
ನಿನ್ನೆ ರಾತ್ರಿ ಖಾಕಿ ಅಂಗಿಗೆ ಗುಂಡಿ ಹಚ್ಚುವಾಗ
ಪೆನ್ಸಿಲ್ ಹಿಡಕೊಂಡು ಬಂದು ನಿಂತಳು.
"ಅವ್ವಾ, ನಿನಗೇನು ಬೇಕು?"

"ಏನಿದ್ರೂ ನಡೀತೈತಿ" ಅಂದೆ.
"ಅದು ಕಾಯಿಪಲ್ಲೆ ಹೆಸರಲ್ಲ" ಅಂದಳು.

ಪಿಯುಸಿಗೆ ಆರ್ಟ್ಸ್ ಅಂತ ಅಣ್ಣ ಬರದಿದ್ದ.
ಅಕ್ಕಿಕಾಳಿನ ಸೀರಿ ಬಣ್ಣ ಅತ್ತಿ ಆರಿಸಿದ್ರು.
ಈ ನೌಕರಿ ಅರ್ಜಿ ಸೋದರಮಾವ ತುಂಬಿದ,
ಬಟ್ಟು ಇಟ್ಟು ತೋರಿಸಿದಲ್ಲಿ ನಾ ಸಹಿ ಹಾಕಿದೆ.
ಕೆಟ್ಟದ್ದೇನೂ ಆಗಲಿಲ್ಲ, ಸುಳ್ಳ್ಯಾಕ ಹೇಳ್ಲಿ.
ಆದರ ಸೂಜಿ
ಗುಂಡಿಯ ಎರಡನೇ ತೂತಿನಾಗ ನಿಂತಬಿಟ್ಟಿತ್ತು.

"ಹೋಲ್ಡಾನ್" ಅಂದೆ.
ಆಕಿ ನಿಂತಳು. ಅವಸರ ಮಾಡಲಿಲ್ಲ.

ಮುಂಜಾನೆ ಐದೂವರಿಗೆ ಡ್ಯೂಟಿಗೆ ಹೊಂಟಾಗ
ಒಲಿಕಟ್ಟಿ ಮ್ಯಾಲ ಪಟ್ಟಿ ಇತ್ತು,
ಮ್ಯಾಲೊಂದು ಉಳ್ಳಾಗಡ್ಡಿ, ಹಾರಬಾರದಂತ.
ಎಲ್ಲಾರ ಹೆಸರಿನ ಕೆಳಗ, ಸೊಟ್ಟ ಅಕ್ಷರದಾಗ:
ಅವ್ವ – ಇನ್ನೂ ವಿಚಾರ ಮಾಡಾಕತ್ತಾಳ.